ಮೂರನೇ ಅಧ್ಯಾಯದ ಬಿರುಕು

ಸಲಹೆ ಕೇಳಿ ನನ್ನ ಬಳಿ ಬಂದವರು ತತ್ತ್ವಶಾಸ್ತ್ರದ ಸಂಶೋಧನಾರ್ಥಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ವಿಭಾಗದ ವಿಚಾರಗೋಷ್ಠಿಯಲ್ಲಿ ಕಿರಿಯ ವಿದ್ಯಾರ್ಥಿನಿಯೊಬ್ಬಳು ಅವರ ಸಂಶೋಧನಾ ಪ್ರಬಂಧದ ಮೂರನೇ ಅಧ್ಯಾಯದ ವಾದ ಎಲ್ಲಿ ಮುರಿಯುತ್ತದೆಂದು ಒಂದೇ ಉದಾಹರಣೆಯಿಂದ ತೋರಿಸಿದ್ದಳು. ಇವರು ಅರ್ಧ ಗಂಟೆ ಮಾತಾಡಿ ಅವಳ ಬಾಯಿ ಮುಚ್ಚಿಸಿದರು. ಅಲ್ಲಿಂದ ನಾಲ್ಕು ತಿಂಗಳು ಒಂದು ಸಾಲೂ ಬರೆದಿಲ್ಲ. ಸಾರ್ವಜನಿಕ ಚರ್ಚೆಗಳಿಗೆ ಮಾತ್ರ ತಪ್ಪದೆ ಹೋಗುತ್ತಿದ್ದರು, ಗೆದ್ದೂ ಬರುತ್ತಿದ್ದರು.

ನಿದ್ದೆ, ಊಟ ವಿಚಾರಿಸಿದೆ; ಖಿನ್ನತೆಯ ಲಕ್ಷಣ ಕಾಣಲಿಲ್ಲ. ಎರಡನೇ ಭೇಟಿಯಲ್ಲಿ ಹೇಳಿದರು: “ಮೇಡಂ, ಅವಳು ಹೇಳಿದ್ದು ಸರಿ ಅಂತ ಅವತ್ತೇ ಗೊತ್ತಾಗಿತ್ತು.”

ಭಾರತೀಯ ತರ್ಕದ ಹಳೆಯ ಗ್ರಂಥ ನ್ಯಾಯಸೂತ್ರ ಚರ್ಚೆಗಳನ್ನು ವಿಂಗಡಿಸುವ ಬಗೆ ಅವರಿಗೆ ಬಾಯಿಪಾಠ: ಸತ್ಯ ತಿಳಿಯಲು ನಡೆಯುವುದು ವಾದ, ಗೆಲ್ಲಲು ಜಲ್ಪ, ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಿನದನ್ನು ಕೆಡವುವುದು ವಿತಂಡ. ಅಂದು ನಡೆದದ್ದು ಯಾವುದು ಎಂದು ಕೇಳಿದೆ. ತುಂಬ ಹೊತ್ತಿನ ಮೇಲೆ, “ವಾದವಾಗಿ ಶುರುವಾಯ್ತು, ನಾನು ಜಲ್ಪ ಮಾಡಿದೆ” ಎಂದರು.

ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆಯ ವಿಷಯ ತೆಗೆದವರೂ ಅವರೇ. 1902ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬರೆದ ಒಂದು ಪತ್ರ ಫ್ರೇಗೆ ಕಟ್ಟಿದ್ದ ಅಂಕಗಣಿತದ ತಳಹದಿಯಲ್ಲೇ ವಿರೋಧಾಭಾಸ ತೋರಿಸಿತು. “ಬದುಕಿನ ಕೆಲಸವೇ ಹೋಯಿತು” ಎಂದರು ಇವರು. ಆದರೆ ಫ್ರೇಗೆ ಕೆಲವೇ ದಿನಗಳಲ್ಲಿ ಉತ್ತರ ಬರೆದು, ತಾನು ದಿಗ್ಭ್ರಾಂತನಾದೆನೆಂದು ಒಪ್ಪಿ, ಇದರಿಂದ ತರ್ಕಶಾಸ್ತ್ರ ಮುಂದುವರಿಯಬಹುದು ಎಂದಿದ್ದರು. 1903ರಲ್ಲಿ ಬಂದ ತಮ್ಮ ಆ ಕೃತಿಯ ಎರಡನೇ ಸಂಪುಟಕ್ಕೆ ಆ ದೋಷವನ್ನೇ ವಿವರಿಸುವ ಅನುಬಂಧ ಸೇರಿಸಿದ್ದರು. ಅಲ್ಲಿ ಸೂಚಿಸಿದ ಪರಿಹಾರವೂ ನಿಲ್ಲಲಿಲ್ಲ, ನಿಜ. ಆದರೂ ತಪ್ಪನ್ನು ಮೊದಲು ಅಚ್ಚಿಗೆ ಕೊಟ್ಟವರಲ್ಲಿ ಅವರೊಬ್ಬರು. ಇದನ್ನು ಹೇಳುವಾಗ ನನ್ನ ದನಿಯೂ ತುಸು ನಡುಗಿತು.

ಸಲಹೆ ಇಷ್ಟು. ಆ ವಿದ್ಯಾರ್ಥಿನಿಯ ಆಕ್ಷೇಪವನ್ನು ಪೂರ್ವಪಕ್ಷವಾಗಿ, ಅಂದರೆ ಉತ್ತರಿಸುವ ಮೊದಲು ಮಂಡಿಸುವ ಎದುರುವಾದವಾಗಿ, ನಿಮ್ಮಿಂದ ಆಗುವಷ್ಟು ಬಲವಾಗಿ ಬರೆಯಿರಿ. ಅವಳಿಗೆ ತೋರಿಸಿ. “ನಾನು ಹೇಳಿದ್ದು ಇದೇ” ಎಂದು ಅವಳು ಒಪ್ಪುವ ತನಕ ಉತ್ತರಕ್ಕೆ ಕೈ ಹಾಕಬೇಡಿ. ಎರಡು ತಿಂಗಳು ವೇದಿಕೆ ಬೇಡ: ಎರಡು ನಿಮಿಷದ ಸರದಿ, ಚಪ್ಪಾಳೆ ಇರುವಲ್ಲಿ ಅನುಮಾನಕ್ಕೆ ಜಾಗವಿಲ್ಲ, ಮತ್ತು ಅಲ್ಲಿನ ಗೆಲುವು ಬರೆಯದ ಸಂಕಟವನ್ನು ಮರೆಸುತ್ತಿದೆ. ಕ್ಷಮೆ ಕೇಳಲೇ ಎಂದರು. ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುವಂಥ ಕ್ಷಮೆ ಬೇಡ. ಎಲ್ಲರ ಮುಂದೆ ಬಾಯಿ ಮುಚ್ಚಿಸಿದ್ದೀರಿ, ಅದೇ ಗೋಷ್ಠಿಯಲ್ಲಿ ಅವಳು ಎಲ್ಲಿ ಸರಿ ಎಂಬುದನ್ನು ಹೇಳಿ ಎಂದೆ.

ಮೊದಲ ಎರಡು ಕರಡುಗಳನ್ನು ಅವಳು ಒಪ್ಪಲಿಲ್ಲ. ಮೂರನೆಯದಕ್ಕೆ ಹೂಂ ಅಂದಳಂತೆ. ಗೋಷ್ಠಿಯಲ್ಲೂ ಹೇಳಿದರು. ಅಧ್ಯಾಯದ ಬಿರುಕು ಇನ್ನೂ ಹಾಗೇ ಇದೆ. ಅದರ ಬಗ್ಗೆಯೇ ಹನ್ನೊಂದು ಪುಟ ಬರೆದಿದ್ದಾರೆ.