ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಅಭಿಮಾನಿಗಳು ಇವತ್ತಿಗೂ ತಮ್ಮ ಹಳೇ ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸಾರ್ ಅಂತ ಯಾಕೆ ಹಂಬಲಿಸುತ್ತಾರೆ?

ಅವರು ತವರಿನ ಹುಡುಗ, ಮತ್ತೆ ಅವರು ಹೋದಮೇಲೆ ಆ ಜಾಗದಲ್ಲಿ ಯಾರೂ ಬಹಳ ಕಾಲ ನಿಲ್ಲಲಿಲ್ಲ. ಅದಕ್ಕೇ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡ ದಾಳಿಗಿಳಿದಾಗ ಚೆಂಡು ಹೆಚ್ಚುಕಮ್ಮಿ ಪ್ರತಿ ಸಲ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಹಾಗಾಗಿ ಗೆದ್ದರೂ ಸೋತರೂ ಜನರ ನೆನಪಿನಲ್ಲಿ ಉಳಿಯುವುದು ಅವನ ಹೆಸರೇ. ಕ್ಲೀವ್‌ಲ್ಯಾಂಡ್ ಇರುವ ಓಹಾಯೋ ರಾಜ್ಯದಲ್ಲೇ ಬೆಳೆದ ಕೋಸಾರ್ 1985ರಲ್ಲಿ ಬೇಕಂತಲೇ ಬ್ರೌನ್ಸ್‌ಗೆ ಬಂದರು. ಅವರ ಕಾಲದಲ್ಲಿ ತಂಡ ಮೂರು ಸಲ ಸೂಪರ್ ಬೌಲ್ ಅನ್ನೋ ಫೈನಲ್‌ನ ಹೊಸ್ತಿಲಲ್ಲಿ ಸೋತಿತು. ಮೂರೂ ಸಲ ಡೆನ್ವರ್ ಎದುರೇ, ಪಾಪ! 1993ರಲ್ಲಿ ಸೀಸನ್ ಮಧ್ಯದಲ್ಲೇ ಅವರನ್ನು ಕೈಬಿಟ್ಟರು.

1995ರ ಸೀಸನ್ ಮುಗಿದಮೇಲೆ ತಂಡವೇ ಬಾಲ್ಟಿಮೋರ್‌ಗೆ ಹೋಯಿತು. 1999ರಲ್ಲಿ ಬ್ರೌನ್ಸ್ ಮತ್ತೆ ಶುರುವಾದಮೇಲೆ ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಹೋದರು. ಅವರಲ್ಲೊಬ್ಬರಾದ ಟಿಮ್ ಕೌಚ್ ಹೆಸರಿನ ಜೆರ್ಸಿಯ ಬೆನ್ನಿಗೆ ಟೇಪ್ ಹಚ್ಚಿ, ಹಳೇ ಹೆಸರು ಹೊಡೆದುಹಾಕಿ, ಕೆಳಗೆ ಹೊಸ ಹೆಸರು ಬರೆಯುತ್ತಾ ಹೋದ ಅಭಿಮಾನಿಗಳ ಜೆರ್ಸಿಯಂತೂ ಭಾರೀ ಫೇಮಸ್.