ಮಗನ ಕತ್ತಿನ ಗಂಟು ತೆಗೆಯೋಕೆ ಮೂಳೆ ಯಾಕೆ ಕತ್ತರಿಸಬೇಕು? ಬರೀ ಗಂಟು ತೆಗೆಸಿದರೆ ಸಾಲದಾ?

ಸಾಲದು. ನಾವೂ ಇದನ್ನೇ ಕೇಳಿದ್ದೆವು, ನಮಗೆ ಬೇಕಾದ ಉತ್ತರ ಸಿಗುವವರೆಗೂ ಡಾಕ್ಟರ್‌ಗಳನ್ನು ಬದಲಾಯಿಸಿದ್ದೆವು.

ಸಕಲೇಶಪುರದ ಹತ್ತಿರ ನಮ್ಮೂರು. ಮಗಳಿಗೆ ಕತ್ತಿನ ನಟ್ಟನಡುವೆ ಗೋಲಿ ಗಾತ್ರದ ಗಂಟು. ಶೀತ ಆದಾಗಲೆಲ್ಲ ಊದೋದು, ಆಮೇಲೆ ಇಳಿಯೋದು. ನಮ್ಮತ್ತೆ ಕುರು ಅಂತ ಅರಿಶಿನ ಹಚ್ಚಿದರು. ಹಾಸನದಲ್ಲಿ ತೋರಿಸಿದ ಇಎನ್‌ಟಿ ಡಾಕ್ಟರ್ "ನಾಲಿಗೆ ಚಾಚು ಪುಟ್ಟಿ" ಅಂದರು. ಚಾಚಿದಳು. ಗಂಟು ಚರ್ಮದಡಿಯಲ್ಲೇ ಸರಕ್ಕನೆ ಮೇಲೆ ಹೋಯಿತು, ನಾಲಿಗೆ ಒಳಗೆಳೆದಾಗ ಇಳಿಯಿತು. "ಥೈರೋಗ್ಲಾಸಲ್ ಸಿಸ್ಟ್ ಇದು. ಹಯಾಯ್ಡ್ ಮೂಳೆಯ ನಡುಭಾಗ ಸೇರಿಸಿ ತೆಗೀಬೇಕು" ಅಂದರು.

ಹಯಾಯ್ಡ್ ಅಂದರೆ ನಾಲಿಗೆ ಬುಡದ ಕೆಳಗೆ, ಕತ್ತಿನ ಮುಂಭಾಗದಲ್ಲಿರೋ ಸಣ್ಣ ಮೂಳೆ. ಮೂಳೆ ಅಂದ ಕೂಡಲೇ ಎದ್ದು ಬಂದೆವು. ಇನ್ನೊಂದು ಕಡೆ "ಚಿಕ್ಕ ಆಪರೇಷನ್, ಗಂಟು ತೆಗೆದರಾಯ್ತು" ಅಂದರು. ಕಾಫಿ ಕೊಯ್ಲಿಗೆ ಮುಂಚೆ ಮುಗೀಲಿ ಅನ್ನೋ ಅವಸರ ಬೇರೆ, ಅಲ್ಲೇ ಮಾಡಿಸಿದೆವು. ಗಾಯ ಚೆನ್ನಾಗೇ ಮಾಯಿತು. ಮಳೆಗಾಲ ಹಿಡಿಯೋ ಹೊತ್ತಿಗೆ ಅದೇ ಜಾಗ ಕೆಂಪಗೆ ಊದಿ, ಸೂಜಿಮೊನೆಯಷ್ಟು ತೂತು ಬಿತ್ತು. ಅದರಿಂದ ಒಸರುವ ಅಂಟು ನೀರು ಯೂನಿಫಾರ್ಮ್ ಕಾಲರ್‌ಗೆ ಹತ್ತಿ ಒಣಗಿ ಗಟ್ಟಿಯಾಗುತ್ತಿತ್ತು.

ಯಾಕೆ ಹೀಗಾಯಿತು ಅನ್ನೋದನ್ನು ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಥೈರಾಯ್ಡ್ ಗ್ರಂಥಿ ಹುಟ್ಟೋದು ಕತ್ತಿನಲ್ಲಲ್ಲ, ನಾಲಿಗೆ ಬುಡದಲ್ಲಿ. ಭ್ರೂಣದ 4ನೇ ವಾರದಲ್ಲಿ ಅಲ್ಲಿ ಮೊಳೆತು, ಕತ್ತಿನ ಮುಂಭಾಗದಲ್ಲಿ ಇಳಿಯುತ್ತಾ 7ನೇ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ಬಂದು ಕೂರುತ್ತದೆ. ಇಳಿದ ದಾರಿಯಲ್ಲಿ ಒಂದು ಸಪೂರ ನಾಳ ಉಳಿದಿರುತ್ತದೆ. ಮಗು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಅದು ಕರಗಿಹೋಗಬೇಕು. ಕೆಲವರಲ್ಲಿ ಕರಗದ ತುಂಡು ಉಳಿದು, ಅದರಲ್ಲಿ ದ್ರವ ತುಂಬಿಕೊಳ್ಳುತ್ತದೆ. ನಿಮ್ಮ ಮಗನ ಗಂಟು ಅದೇ. ಭ್ರೂಣದ ಕತ್ತಿನಲ್ಲಿ ಕಮಾನುಗಳ ಹಾಗೆ ಮೂಡುವ ಫ್ಯಾರಿಂಜಿಯಲ್ ಆರ್ಚ್‌ಗಳಿವೆಯಲ್ಲ, ಅವುಗಳಲ್ಲಿ 2ನೆಯದು ಮತ್ತು 3ನೆಯದರಿಂದ ಹಯಾಯ್ಡ್ ಮೂಳೆ ಬೆಳೆಯೋದು ಸರಿಯಾಗಿ ಈ ನಾಳದ ದಾರಿಯಲ್ಲೇ. ಹಾಗಾಗಿ ನಾಳ ಮೂಳೆಯ ನಡುಭಾಗಕ್ಕೆ ಅಂಟಿಕೊಂಡಿರುತ್ತದೆ, ಅಲ್ಲಿಂದ ಮೇಲೆ ನಾಲಿಗೆ ಬುಡದ ಕಡೆಗೆ ಹೋಗುತ್ತದೆ. ನಾಲಿಗೆ ಚಾಚಿದಾಗ ಗಂಟು ಮೇಲೇರಿದ್ದೂ ಇದೇ ಕಾರಣಕ್ಕೆ. ನಾವು ತೆಗೆಸಿದ್ದು ಕೆಳಗಿನ ಚೀಲ ಮಾತ್ರ. ಗೆಡ್ಡೆ ಮಣ್ಣಲ್ಲೇ ಬಿಟ್ಟು ಜೇಕು ಕಿತ್ತ ಹಾಗೆ. ಮೇಲುಳಿದ ನಾಳದ ಒಳಪದರ ಮತ್ತೆ ಲೋಳೆ ಸುರಿಸಿತು, ಅದು ಹೊಲಿಗೆ ಹಾಕಿದ ಜಾಗದಲ್ಲೇ ಹೊರಬಂತು.

ಇದೇನೂ ಹೊಸ ವಿದ್ಯೆಯಲ್ಲ. ಮೂಳೆಯ ನಡುಭಾಗ ತೆಗೆಯಬೇಕು ಅಂತ ಶ್ಲಾಂಗೆ ಅನ್ನೋ ಸರ್ಜನ್ 1893ರಲ್ಲೇ ಹೇಳಿದ್ದರು. ನಾಲಿಗೆ ಬುಡದವರೆಗಿನ ನಾಳವನ್ನೂ ಸೇರಿಸಿ ತೆಗೆಯುವ ಕ್ರಮವನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ಬರೆದರು. ಇವತ್ತಿಗೂ ಮಾಡೋದು ಅದನ್ನೇ, ಹೆಸರೂ ಸಿಸ್ಟ್ರಂಕ್ ಆಪರೇಷನ್. ಹೀಗೆ ಮಾಡಿಸಿದರೆ ಗಂಟು ಮತ್ತೆ ಬರೋದು ಅಪರೂಪ.

ಕೊನೆಗೆ ಮಂಗಳೂರಿನಲ್ಲಿ ಅದನ್ನೇ ಮಾಡಿಸಿದೆವು. ಮೊದಲ ಆಪರೇಷನ್ನಿನ ಕಲೆಗಟ್ಟಿದ ಮಾಂಸದ ನಡುವೆ ನಾಳ ಹುಡುಕಬೇಕಾಗಿ ಬಂದು ಹೊತ್ತು ಹಿಡಿಯಿತು, ದುಡ್ಡೂ ಎರಡೆರಡು ಸಲ ಹೋಯಿತು.

ನಿಮ್ಮ ಭಯ ಮೂಳೆಯದು ತಾನೇ? ಹಯಾಯ್ಡ್ ಬೇರೆ ಯಾವ ಮೂಳೆಗೂ ಕೀಲು ಹಾಕಿಕೊಂಡಿಲ್ಲ, ಸ್ನಾಯು ಮತ್ತು ಲಿಗಮೆಂಟುಗಳಲ್ಲಿ ತೂಗಿಕೊಂಡಿರುತ್ತದೆ. ನಡುವಿನ ಚೂರು ತೆಗೆದರೆ ನುಂಗೋದಕ್ಕೂ ಮಾತಿಗೂ ತೊಂದರೆಯಾಗಲ್ಲ. ನನ್ನ ಮಗಳು ಶಾಲೆಯಲ್ಲಿ ಮಾತಾಡೋದು ಕಡಿಮೆಯಾಗಲಿ ಅಂತ ಟೀಚರ್ ಈಗಲೂ ಕಾಯ್ತಿದ್ದಾರೆ. "ಚಿಕ್ಕ ಆಪರೇಷನ್ನೋ ದೊಡ್ಡದೋ" ಅಂತ ತೂಗಿ ನೋಡೋದನ್ನು ಬಿಡಿ, ಪೂರ್ತಿ ಆಗೋದು ಒಂದೇ.

ಈಗ ಕೆಂಪಾಗಿ ನೋಯುತ್ತಿದ್ದರೆ ಮೊದಲು ಆಂಟಿಬಯೋಟಿಕ್‌ನಲ್ಲಿ ಸೋಂಕು ಇಳಿಯಲಿ, ಆಮೇಲೆ ಆಪರೇಷನ್. ಕುರು ಅಂದುಕೊಂಡು ಯಾರ ಕೈಲೂ ಸುಮ್ಮನೆ ಕುಯ್ಯಿಸಬೇಡಿ. ಇನ್ನೊಂದು, ಇದನ್ನು ಡಾಕ್ಟರ್ ಹೇಳದಿದ್ದರೂ ನೀವೇ ಕೇಳಿ: ಅಲ್ಟ್ರಾಸೌಂಡ್‌ನಲ್ಲಿ ಥೈರಾಯ್ಡ್ ತನ್ನ ಜಾಗದಲ್ಲಿ ಇದೆಯಾ? ಅಪರೂಪಕ್ಕೆ ಗ್ರಂಥಿ ದಾರಿಯಲ್ಲೇ ನಿಂತುಬಿಟ್ಟು, ಗಂಟು ಅಂತ ಕಾಣೋದೇ ಮಗುವಿಗೆ ಇರುವ ಒಂದೇ ಥೈರಾಯ್ಡ್ ಆಗಿರುತ್ತದೆ. ಆ ಸ್ಕ್ಯಾನ್ ಮಾಡಿಸದೆ ಆಪರೇಷನ್ ಡೇಟ್ ಕೊಡುವವರ ಹತ್ತಿರ ನಾನಂತೂ ಮಗುವನ್ನು ಬಿಡಲ್ಲ.