ಓದುಗರ ಪ್ರಶ್ನೆ: ಜಲಪರ್ಣಿ ತೆಗೆದಷ್ಟೂ ಬರುವುದೇಕೆ?

ಪ್ರಶ್ನೆ: ಪವನಾ ನದಿಯ ದಂಡೆಯಲ್ಲಿ ನಮ್ಮ ಮನೆ. ಬೇಸಿಗೆ ಬಂತೆಂದರೆ ನದಿಯ ತುಂಬ ಜಲಪರ್ಣಿ, ಅದೇ ನೀರಿನ ಮೇಲೆ ತೇಲುವ ಕಳೆ (ವಾಟರ್ ಹಯಸಿಂತ್). ಸೊಳ್ಳೆಗೆ ಹೆದರಿ ಸಂಜೆಯೇ ಕಿಟಕಿ ಮುಚ್ಚುತ್ತೇವೆ. ಯಂತ್ರ ತಂದು ತೆಗೆಯುತ್ತಾರೆ, ತಿಂಗಳೊಳಗೆ ಮತ್ತೆ ಹಸಿರು. ಈ ಖರ್ಚೆಲ್ಲ ವ್ಯರ್ಥವಲ್ಲವೇ?
– ಗೃಹಿಣಿ, ಹಳೆ ಸಾಂಗವಿ, ಪುಣೆ

ಉತ್ತರ: ಯಂತ್ರ ವ್ಯರ್ಥವಲ್ಲ ತಾಯಿ, ಅದು ಬರುವ ಹೊತ್ತು ತಪ್ಪು. ಮಳೆಗಾಲದ ಪ್ರವಾಹ ನದಿಯನ್ನು ಪುಕ್ಕಟೆಯಾಗಿ ತೊಳೆದುಕೊಟ್ಟಿರುತ್ತದೆ. ದೀಪಾವಳಿಯ ವೇಳೆಗೆ ಸೇತುವೆಯ ಕಂಬದ ಮಗ್ಗುಲಲ್ಲಿ, ಬಂಧಾರದ (ಅಡ್ಡಗಟ್ಟೆಯ) ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಉಳಿದಿರುತ್ತದೆ. ಆಗ ದೋಣಿಯಲ್ಲಿ ಹೋಗಿ ಕೈಯಿಂದಲೇ ಎತ್ತಬಹುದು. ಬಿಟ್ಟರೆ, ಚರಂಡಿ ನೀರಿನ ಸಾರಜನಕ, ರಂಜಕ ಉಂಡು ಬಿಸಿಲೇರಿದಂತೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಯಂತ್ರ ನೀರಿಗಿಳಿಯುವುದು ಸೊಳ್ಳೆಯ ದೂರುಗಳು ರಾಶಿ ಬಿದ್ದ ಮೇಲೆ.

ಯಂತ್ರದ ಮೂತಿಯಲ್ಲಿ ಅಲಗುಗಳಿವೆ; ಕತ್ತರಿಸಿದ ಕಳೆ ಜಾಲರಿ ಪಟ್ಟಿಯ ಮೇಲೆ ಹತ್ತಿ ಹೊಟ್ಟೆ ಸೇರುತ್ತದೆ. ಹೊಟ್ಟೆ ತುಂಬಿದಾಗಲೆಲ್ಲ ದಡಕ್ಕೆ ಬಂದು ಇಳಿಸಬೇಕು. ವೇಳೆ ತಿನ್ನುವುದು ಈ ಓಡಾಟವೇ. ದಡದಲ್ಲಿ ಜೆಸಿಬಿ, ಟಿಪ್ಪರ್ ಸಿದ್ಧವಿಲ್ಲದಿದ್ದರೆ ಎಂಥ ಯಂತ್ರವೂ ಸುಮ್ಮನೆ ನಿಲ್ಲುತ್ತದೆ. ತಪ್ಪಿಸಿಕೊಂಡ ತುಂಡು ಮತ್ತೆ ಚಿಗುರುತ್ತದೆ. ಕೆಸರಿಗೆ ಬಿದ್ದ ಬೀಜ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಇನ್ನು ಹಣದ ಮಾತು. ಈ ಗಿಡದ ತೂಕದಲ್ಲಿ ಹೆಚ್ಚುಕಡಿಮೆ ಶೇ. 95 ಬರಿ ನೀರು. ಟನ್ ಲೆಕ್ಕದಲ್ಲಿ ಬಿಲ್ ಕೊಟ್ಟರೆ ನೀರು ಹೊರಿಸಿದ್ದಕ್ಕೇ ಕೂಲಿ ಕೊಟ್ಟಂತೆ. ಕಳೆ ಬೆಳೆದಷ್ಟೂ ಗುತ್ತಿಗೆದಾರನಿಗೆ ಸುಗ್ಗಿ. ಡಿಸೆಂಬರ್‌ನಿಂದ ಜೂನ್‌ವರೆಗೆ ನದಿಯ ಇಂತಿಷ್ಟು ಉದ್ದ ಸ್ವಚ್ಛವಾಗಿರಬೇಕು ಎಂಬ ಕರಾರು ಇದೆಯೇ ಎಂದು ನಿಮ್ಮ ಸೊಸೈಟಿಯವರು ಕೇಳಲಿ. ಕೆಲಸ ರಾವೇತ್, ಚಿಂಚವಡದ ಕಡೆಯಿಂದ ಕೆಳಗಿಳಿಯಬೇಕು. ಸಾಂಗವಿಯೊಂದನ್ನೇ ಬಳಿದರೆ ಮೇಲಿನದು ತೇಲಿ ಬರುತ್ತದೆ. ತೆಗೆದದ್ದನ್ನು ದಡದಲ್ಲೇ ಗುಡ್ಡೆ ಹಾಕಿದರೆ ಮಳೆನೀರು ಅದನ್ನು ಮುಳಾ-ಮುಠಾ, ಭೀಮಾ ಹಿಡಿದು ಉಜನಿ ಅಣೆಕಟ್ಟಿನ ಹಿನ್ನೀರಿನತ್ತ ಒಯ್ಯುತ್ತದೆ. ನಾನು ಅದೇ ಭೀಮೆಯ ದಂಡೆಯ ಅಫಜಲಪುರದ ಕಡೆಯವನು. ಪುಣೆ ಕೆಳಗೆ ಬಿಟ್ಟ ನೀರು ನಮ್ಮವರ ದಂಡೆಗೆ ಬರುತ್ತದೆ ಎಂಬ ಸಿಟ್ಟೂ ಈ ಮಾತಿನಲ್ಲಿ ಸ್ವಲ್ಪ ಇದೆ ಎನ್ನಿ.

ಪ್ರಶ್ನೆ: ಮುಂಬೈಯ ಪೊವಾಯಿ ಕೆರೆಯ ಕಳೆಗೆ ಔಷಧ ಸಿಂಪಡಿಸಬಾರದೇ? ಬೆಂಗಳೂರಿನಲ್ಲಿ ಹುಳು ಬಿಟ್ಟು ನಿವಾರಿಸಿದ್ದರು ಎನ್ನುತ್ತಾರೆ, ನಿಜವೇ?
– ವಿದ್ಯಾರ್ಥಿ, ಮುಂಬೈ

ಉತ್ತರ: ಔಷಧ ಬೇಡ ತಮ್ಮಾ. ಒಮ್ಮೆಲೇ ಸತ್ತ ಕಳೆ ತಳ ಸೇರಿ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಗಿ ಮೀನು ಸಾಯುತ್ತವೆ. ಕಳೆ ತಿಂದ ಗೊಬ್ಬರವೂ ಕೆರೆಯಲ್ಲೇ ಉಳಿಯುತ್ತದೆ. ಪೊವಾಯಿಯಲ್ಲಿ ಮೊಸಳೆಗಳಿರುವುದನ್ನೂ ಮರೆಯಬೇಡ.

ಹುಳುವಿನ ಮಾತು ನಿಜ. 1980ರ ದಶಕದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರದೇಶದಿಂದ ತರಿಸಿದ ನಿಯೋಕೆಟಿನಾ ಎಂಬ ಸೊಂಡಿಲು ಹುಳುಗಳನ್ನು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಗೆದ್ದರು. ಆದರೆ ಅವು ಬೇರೂರಲು ವರ್ಷಗಳೇ ಬೇಕು, ಯಂತ್ರವೋ ಗಿಡದ ಜೊತೆ ಹುಳುವನ್ನೂ ಎತ್ತಿ ಟಿಪ್ಪರಿಗೆ ಹಾಕುತ್ತದೆ. ಎರಡೂ ಬೇಕೆಂದರೆ ಕೆರೆಯ ಒಂದು ಮೂಲೆಗೆ ತೇಲುವ ಬೇಲಿ ಕಟ್ಟಿ, ಅಲ್ಲಿನ ಕಳೆಯನ್ನು ಹುಳುಗಳಿಗೇ ಬಿಡಬೇಕು.